ರೋಗಿಯ ಮಾಹಿತಿ ಯಾರ ಸೊತ್ತು?

ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹಳೆಯ ಚೀಟಿ, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಹಾಳೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಹೋಗುವುದು ನಮ್ಮ ಮನೆಗಳ ವಾಡಿಕೆ. ಆ ಚೀಲದ ಸ್ಥಾನವನ್ನು 14 ಅಂಕಿಗಳ ಒಂದು ಸಂಖ್ಯೆ ತುಂಬಲಿದೆ ಎಂಬುದು ಸರಕಾರದ ಭರವಸೆ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಮೊದಲಿಗೆ ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗಕ್ಕೊಳಗಾದ ಯೋಜನೆಯು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶಾದ್ಯಂತ ಜಾರಿಗೆ ಬಂತು. ಅದರಡಿ ನೀಡಲಾಗುವ ‘ಆಭಾ’ ಸಂಖ್ಯೆಯನ್ನು 2025ರ ವೇಳೆಗೆ 70 ಕೋಟಿಗೂ ಅಧಿಕ ಮಂದಿಯ ಹೆಸರಿನಲ್ಲಿ ಸೃಷ್ಟಿಸಲಾಗಿತ್ತು. ಆಸ್ಪತ್ರೆ ಮತ್ತು ಪ್ರಯೋಗಾಲಯಗಳು ತಂತಮ್ಮಲ್ಲಿ ಇಟ್ಟುಕೊಂಡಿರುವ ದಾಖಲೆಗಳನ್ನು ರೋಗಿಯ ಒಪ್ಪಿಗೆ ಪಡೆದು ಮತ್ತೊಂದು ಆಸ್ಪತ್ರೆಯ ವೈದ್ಯರು ನೋಡುವಂತೆ ಮಾಡುವುದೇ ಇದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಕೋಟ್ಯಂತರ ಮನುಷ್ಯರ ನೋವು, ರೋಗ, ಗುಟ್ಟುಗಳು ಕಂಪ್ಯೂಟರಿನೊಳಗೆ ಸೇರುತ್ತಿರುವಾಗ ಅವುಗಳ ಯಜಮಾನ ಯಾರು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಮಾಹಿತಿಯ ಸಂಗ್ರಹವೇ ಒಂದು ಕೆಡುಕೆಂದು ಭಾವಿಸುವುದು ಖಂಡಿತ ತಪ್ಪು. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶವು ಕಾಲರಾಕ್ಕೆ ತುತ್ತಾದಾಗ ದುರ್ಗಂಧದ ಗಾಳಿಯೇ ರೋಗಕ್ಕೆ ಕಾರಣವೆಂದು ಹೆಚ್ಚಿನ ವೈದ್ಯರು ನಂಬಿದ್ದರು. ಡಾ. ಜಾನ್ ಸ್ನೋ ಎಂಬವರು ಸತ್ತವರ ಮನೆಗಳನ್ನು ಗುರುತಿಸಿ, ಅವರು ಎಲ್ಲಿಯ ನೀರು ಕುಡಿಯುತ್ತಿದ್ದರೆಂದು ವಿಚಾರಿಸಿದರು. ಸಾವುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪೊಂದರ ಸುತ್ತ ದಟ್ಟೈಸಿದ್ದವು. ಆ ಪಂಪಿನ ಹಿಡಿಯನ್ನು ಕಳಚಲಾಯಿತು. ರೋಗಾಣುವಿನ ಪಾತ್ರವನ್ನು ವೈದ್ಯಲೋಕವು ಒಪ್ಪುವುದಕ್ಕೆ ದಶಕಗಳ ಮೊದಲೇ ಪ್ರಾಮಾಣಿಕವಾದ ಒಂದು ಲೆಕ್ಕವು ರೋಗದ ಮೂಲವನ್ನು ತೋರಿಸಿಕೊಟ್ಟಿತ್ತು.

ಇಂದಿನ ತಂತ್ರಜ್ಞಾನವು ಅದೇ ಕೆಲಸವನ್ನು ಅಗಾಧ ಪ್ರಮಾಣದಲ್ಲಿ ಮಾಡಬಲ್ಲುದು. ಪ್ರಜ್ಞೆ ತಪ್ಪಿ ಬಂದ ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದು ಕ್ಷಣದಲ್ಲಿ ವೈದ್ಯರಿಗೆ ತಿಳಿದರೆ ಜೀವ ಉಳಿಯುತ್ತದೆ. ಮೊನ್ನೆಯಷ್ಟೇ ಮಾಡಿಸಿದ ಸ್ಕ್ಯಾನಿಂಗನ್ನು ಮತ್ತೊಂದು ಆಸ್ಪತ್ರೆಯಲ್ಲಿ ಪುನಃ ಮಾಡಿಸಬೇಕಾದ ಪ್ರಮೇಯ ತಪ್ಪಿದರೆ ಬಡವನ ಸಾವಿರಾರು ರೂಪಾಯಿ ಉಳಿಯುತ್ತದೆ. ಕ್ಷಯರೋಗಿಗಳ ದಾಖಲೆಗಾಗಿ 2012ರಲ್ಲಿ ಆರಂಭವಾದ ‘ನಿಕ್ಷಯ್’ ವ್ಯವಸ್ಥೆಯು ಮದ್ದನ್ನು ಅರ್ಧಕ್ಕೆ ಬಿಟ್ಟವರನ್ನು ಹುಡುಕಲು ನೆರವಾಗುತ್ತಿದೆ. ಪೌಷ್ಟಿಕ ಆಹಾರಕ್ಕಾಗಿ ರೋಗಿಗೆ ನೀಡಲಾಗುವ ಮಾಸಿಕ ಸಹಾಯಧನವೂ ಅದೇ ದಾಖಲೆಯ ಆಧಾರದಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ಇಂತಹ ಪ್ರಯೋಜನಗಳಿಗೆ ಬೆನ್ನು ತಿರುಗಿಸುವುದು ಬುದ್ಧಿವಂತಿಕೆಯಲ್ಲ.

ಆದರೆ ‘ಯಂತ್ರ ಸುಳ್ಳು ಹೇಳುವುದಿಲ್ಲ’ ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರೂರತೊಡಗಿದೆ. ನಿಜವಾಗಿ, ಯಂತ್ರವು ತನಗೆ ಉಣಿಸಿದ್ದನ್ನು ಹೇಳುತ್ತದೆ. ಯಾರನ್ನು ಎಣಿಸಬೇಕು, ಯಾವ ಹೆಸರಿನಡಿ ಎಣಿಸಬೇಕು ಎಂಬುದನ್ನು ತೀರ್ಮಾನಿಸುವವರು ಮನುಷ್ಯರೇ. ಇದರ ಅರಿವು ಈ ದೇಶದ ಮುಸ್ಲಿಮರಿಗೆ ಆದಷ್ಟು ಕಹಿಯಾಗಿ ಬೇರೆ ಯಾರಿಗೂ ಆಗಿರಲಾರದು. 2020ರ ಎಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯವು ದೇಶದ 14,378 ಕೊರೋನಾ ಪ್ರಕರಣಗಳಲ್ಲಿ 4,291 ಪ್ರಕರಣಗಳು, ಅಂದರೆ ಶೇ. 29.8ರಷ್ಟು, ತಬ್ಲೀಗ್ ಜಮಾಅತ್‌ನ ಒಂದೇ ಸಮಾವೇಶಕ್ಕೆ ಸಂಬಂಧಿಸಿದ್ದೆಂದು ಪ್ರಕಟಿಸಿತು. ಅಂಕಿಯಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಆಗ ದೇಶದಲ್ಲಿ ಪರೀಕ್ಷೆಯೇ ಅತ್ಯಲ್ಪವಾಗಿತ್ತು. ರೋಗಲಕ್ಷಣವಿರುವ ಸಾಮಾನ್ಯ ಜನರಿಗೂ ಅದು ಸುಲಭದಲ್ಲಿ ದೊರೆಯುತ್ತಿರಲಿಲ್ಲ. ಸಮಾವೇಶದಲ್ಲಿದ್ದವರನ್ನು ಮತ್ತು ಅವರ ಸಂಪರ್ಕಕ್ಕೆ ಬಂದವರನ್ನು ಮಾತ್ರ ರಾಜ್ಯ ರಾಜ್ಯಗಳಲ್ಲಿ ಹುಡುಕಿ ಪರೀಕ್ಷಿಸಲಾಯಿತು. ಸಂಪರ್ಕಿತರನ್ನು ಹುಡುಕಿದ್ದು ಸರಿಯೇ. ಸೋಂಕು ತಡೆಯಲು ಅದು ಅಗತ್ಯವಾಗಿತ್ತು. ಆದರೆ ಹೆಚ್ಚು ಹುಡುಕಿದಲ್ಲಿ ಹೆಚ್ಚು ಸಿಗುವುದು ಸಹಜವೆಂಬ ಸತ್ಯವನ್ನು ಮರೆಮಾಚಿ, ಆ ಸಂಖ್ಯೆಯನ್ನು ದಿನಂಪ್ರತಿ ಪ್ರತ್ಯೇಕ ಸಾಲಿನಲ್ಲಿ ಬಿತ್ತರಿಸಿದ್ದು ಸರಿಯಲ್ಲ. ಕೆರೆಯ ಒಂದೇ ಮೂಲೆಯಲ್ಲಿ ಬಲೆ ಬೀಸಿ, ಮೀನುಗಳೆಲ್ಲ ಆ ಮೂಲೆಯಲ್ಲೇ ಇವೆಯೆಂದು ಡಂಗುರ ಸಾರಿದಂತೆ ಅದು. ರೋಗವನ್ನು ಧರ್ಮ, ಜನಾಂಗಗಳ ಆಧಾರದಲ್ಲಿ ವಿಂಗಡಿಸುವುದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ಎಪ್ರಿಲ್ ತಿಂಗಳಲ್ಲಿ ಎಚ್ಚರಿಸಿತ್ತು.

ಆ ಒಂದು ಅಂಕಿಯ ಬೆಲೆಯನ್ನು ತೆತ್ತವರು ತಳ್ಳುಗಾಡಿಯಲ್ಲಿ ತರಕಾರಿ, ಹಣ್ಣು ಮಾರುವ ಬಡಪಾಯಿಗಳು. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗಿಗಳ ವಿರುದ್ಧದ ಮೊಕದ್ದಮೆಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿಸಲಾಗಿತ್ತೆಂಬ ಅಭಿಪ್ರಾಯಕ್ಕೆ ಬಂತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟು 70 ಮಂದಿ ಭಾರತೀಯರ ವಿರುದ್ಧದ 16 ಪ್ರಕರಣಗಳನ್ನು ರದ್ದುಪಡಿಸಿತು. ನ್ಯಾಯ ಬರಲು ಐದು ವರ್ಷ ಹಿಡಿಯಿತು. ಅಂಕಿ ಮನೆಮನೆಗೆ ತಲುಪಲು ಒಂದು ಸಂಜೆ ಸಾಕಾಗಿತ್ತು!

ಇಂಥದೇ ಇನ್ನೊಂದು ಘಟನೆಗೆ ನಮ್ಮದೇ ರಾಜಧಾನಿ ಸಾಕ್ಷಿಯಾಯಿತು. ಎರಡನೆಯ ಅಲೆಯ ವೇಳೆ ಬೆಂಗಳೂರಿನಲ್ಲಿ ಆಸ್ಪತ್ರೆಯ ಹಾಸಿಗೆಗಳನ್ನು ತಂತ್ರಾಂಶದ ಮೂಲಕ ಹಂಚಲಾಗುತ್ತಿತ್ತು. ರೋಗಲಕ್ಷಣವಿಲ್ಲದವರ ಹೆಸರಿನಲ್ಲಿ ಹಾಸಿಗೆ ಕಾದಿರಿಸಿ, ಬಳಿಕ ಹಣಕ್ಕೆ ಬೇರೆಯವರಿಗೆ ಮಾರಲಾಗುತ್ತಿದೆ ಎಂಬ ಗಂಭೀರ ಆರೋಪ ಬಂತು. 2021ರ ಮೇ 4ರಂದು ಸಂಸದ ತೇಜಸ್ವಿ ಸೂರ್ಯ ಮತ್ತು ಅವರ ಪಕ್ಷದ ಶಾಸಕರು ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮಿಗೆ ತೆರಳಿದರು. ಅಲ್ಲಿ ಇನ್ನೂರಷ್ಟು ಸಿಬ್ಬಂದಿಯ ಪೈಕಿ ಓದಿ ಹೇಳಲ್ಪಟ್ಟದ್ದು ಮುಸ್ಲಿಮ್ ಹೆಸರುಗಳು ಮಾತ್ರ. ಆ 17 ಮಂದಿ ಯುವಕರನ್ನು ಕೆಲಸದಿಂದ ಹೊರಗಿರಿಸಲಾಯಿತು. ಪೊಲೀಸರ ವಿಚಾರಣೆಯಲ್ಲಿ ಅವರ ವಿರುದ್ಧ ಯಾವ ಪುರಾವೆಯೂ ದೊರೆಯಲಿಲ್ಲ, ಬಂಧಿತರಾದವರು ಬೇರೆಯವರು. ಹಾಸಿಗೆಯನ್ನು ಯಾರು, ಯಾವ ಗಳಿಗೆಯಲ್ಲಿ, ಯಾರ ಹೆಸರಿಗೆ ಬದಲಾಯಿಸಿದರು ಎಂಬುದಕ್ಕೆ ಉತ್ತರವನ್ನು ತಂತ್ರಾಂಶದ ದಾಖಲೆಯಲ್ಲಿ ಹುಡುಕಬೇಕಿತ್ತು. ಅದನ್ನು ಹಾಜರಿ ಪಟ್ಟಿಯಲ್ಲಿ, ಅದೂ ಒಂದು ಸಮುದಾಯದ ಹೆಸರುಗಳಲ್ಲಿ ಹುಡುಕಲಾಯಿತು. ದಾಖಲೆ ಇದ್ದೂ ದಾಖಲೆಯನ್ನು ಓದಲೊಲ್ಲದವರ ಕೈಯಲ್ಲಿ ಯಾವ ತಂತ್ರಜ್ಞಾನ ತಾನೇ ನ್ಯಾಯ ಕೊಡಬಲ್ಲುದು?

ಎಣಿಸುವಲ್ಲಿ ಮಾತ್ರವಲ್ಲ, ಎಣಿಸದೆ ಬಿಡುವುದರಲ್ಲಿಯೂ ಅನ್ಯಾಯವಿದೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯು ಈ ಶತಮಾನದ ಆರಂಭದಲ್ಲೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಹೃದಯ ತಜ್ಞರ ಸಲಹೆ ಪಡೆಯುವ ವ್ಯವಸ್ಥೆ ಹೊಂದಿದ್ದ ಆಸ್ಪತ್ರೆ. ಅದೇ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2ರಿಂದ 3ರ ನಡುವೆ 24 ಮಂದಿ ರೋಗಿಗಳು ಮೃತಪಟ್ಟರು. ಆಮ್ಲಜನಕ ಇರಲಿಲ್ಲ. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರವೆಂದು ಅಂದಿನ ಆರೋಗ್ಯ ಸಚಿವರು ಹೇಳಿದ್ದರು. ಹೈಕೋರ್ಟು ನೇಮಿಸಿದ ಸಮಿತಿಯ ವರದಿಯು ಬೇರೆಯೇ ಕತೆ ಹೇಳಿತು. ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸರಕಾರವು, ಆಮ್ಲಜನಕದ ಕೊರತೆಯಿಂದಾದ ಸಾವುಗಳನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ರಾಜ್ಯಸಭೆಯಲ್ಲಿ ಲಿಖಿತ ಉತ್ತರ ನೀಡಿತು. ಉಪಗ್ರಹದ ಸಂಪರ್ಕವೂ ಇತ್ತು, ಕಂಪ್ಯೂಟರುಗಳೂ ಇದ್ದವು. ಸತ್ತವರಿಗೆ ಮಾತ್ರ ಕಾಲಂ ಇರಲಿಲ್ಲ.

ಇನ್ನು, ಉದ್ದೇಶದಲ್ಲಿ ಕೆಡುಕಿಲ್ಲದಿದ್ದರೂ ಲೆಕ್ಕವು ಬಡವರ ವಿರುದ್ಧ ವಾಲಬಹುದು. ಅಮೇರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂಬುದನ್ನು ನಿರ್ಧರಿಸಲು ಬಳಸಲಾಗುತ್ತಿದ್ದ ತಂತ್ರಾಂಶವೊಂದರ ಅಧ್ಯಯನವು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ತಂತ್ರಾಂಶವು ರೋಗದ ತೀವ್ರತೆಯನ್ನು ರೋಗಿಗೆ ತಗಲಿದ ಖರ್ಚಿನಿಂದ ಅಳೆಯುತ್ತಿತ್ತು. ಕರಿಯರಿಗೆ ಚಿಕಿತ್ಸೆಯೇ ಕಡಿಮೆ ಸಿಗುತ್ತಿದ್ದುದರಿಂದ ಖರ್ಚೂ ಕಡಿಮೆಯಿತ್ತು. ಖರ್ಚು ಕಡಿಮೆಯೆಂದರೆ ರೋಗವೂ ಕಡಿಮೆ ಎಂದು ಯಂತ್ರ ತಿಳಿಯಿತು! ಈ ದೋಷವನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಅರ್ಹರಾಗುವವರಲ್ಲಿ ಕರಿಯರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆಂದು ಸಂಶೋಧಕರು ತೋರಿಸಿಕೊಟ್ಟರು. ನೋವನ್ನು ನುಂಗಿಕೊಂಡು, ಕೊನೆಯ ಗಳಿಗೆಯವರೆಗೂ ಆಸ್ಪತ್ರೆಯ ಮೆಟ್ಟಿಲೇರದ ನಮ್ಮ ಬಡ ಮನೆಗಳ ಹೆಣ್ಣುಮಕ್ಕಳನ್ನು ಇಂತಹ ಯಂತ್ರವೊಂದು ಅಳೆದರೆ ಏನೆಂದು ಬರೆದೀತು? ‘ಆರೋಗ್ಯವಂತೆ’ ಎಂದಲ್ಲವೇ?

ಮಾಹಿತಿಯ ಭದ್ರತೆಯಂತೂ ಮತ್ತೊಂದು ಆತಂಕ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆದು, ದೇಶದ ಅತಿ ಪ್ರತಿಷ್ಠಿತ ಆಸ್ಪತ್ರೆಯು ದಿನಗಟ್ಟಲೆ ಕೈಬರಹದ ಚೀಟಿಗೆ ಮರಳಬೇಕಾಯಿತು. ಫಿನ್ಲೆಂಡಿನಲ್ಲಿ 2020ರಲ್ಲಿ ಮಾನಸಿಕ ಚಿಕಿತ್ಸಾ ಸಂಸ್ಥೆಯೊಂದರ ಸಾವಿರಾರು ರೋಗಿಗಳ ದಾಖಲೆ ಕದ್ದವನು, ಚಿಕಿತ್ಸಕರ ಮುಂದೆ ಅವರು ತೋಡಿಕೊಂಡಿದ್ದ ದುಃಖವನ್ನೇ ಮುಂದಿಟ್ಟು ಹಣಕ್ಕಾಗಿ ಬೆದರಿಸಿದ. ಬ್ಯಾಂಕಿನ ಗುಪ್ತಸಂಖ್ಯೆ ಕಳವಾದರೆ ಬದಲಾಯಿಸಿಕೊಳ್ಳಬಹುದು. ಬಯಲಾದ ರೋಗವನ್ನು, ಬಂಜೆತನವನ್ನು, ಮನೋವ್ಯಥೆಯನ್ನು ಬದಲಾಯಿಸಿಕೊಳ್ಳಲು ಸಾಧ್ಯವೇ? ಒಂದು ವರದಿ ಊರಲ್ಲಿ ಹರಿದಾಡಿದರೆ ಮಗಳ ಮದುವೆ ಮುರಿದು ಬೀಳುವ ಸಮಾಜ ನಮ್ಮದು ಎಂಬುದನ್ನು ಮರೆಯಬಾರದು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿದೆ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ನಾಡಿಗೆ ಹೆಮ್ಮೆಯ ವಿಷಯ. ವಿಪರ್ಯಾಸವೆಂದರೆ, ಆರೋಗ್ಯ ಮಾಹಿತಿಯ ರಕ್ಷಣೆಗೆಂದೇ 2018ರಲ್ಲಿ ಸಿದ್ಧಪಡಿಸಲಾದ ಕರಡು ಮಸೂದೆಯು ಕಾಯ್ದೆಯಾಗಲೇ ಇಲ್ಲ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಆರೋಗ್ಯದ ಮಾಹಿತಿಗೆ ಪ್ರತ್ಯೇಕ ಸ್ಥಾನವನ್ನು ನೀಡಿಲ್ಲ. ಸರಕಾರದ ಅಂಗಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಮಾತ್ರ ಕೇಂದ್ರವು ತನ್ನಲ್ಲೇ ಇರಿಸಿಕೊಂಡಿದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಪ್ರಮುಖ ಹೊಣೆಗಾರಿಕೆಗಳ ಜಾರಿಗೆ ಮತ್ತೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಕೋಟಿಗಟ್ಟಲೆ ಜನರ ಮಾಹಿತಿಯನ್ನು ಮೊದಲು ಸಂಗ್ರಹಿಸಿ ಆಮೇಲೆ ಕಾನೂನು ತರುವುದು, ಮನೆ ತುಂಬಾ ಸಾಮಾನು ತುಂಬಿದ ಮೇಲೆ ಬಾಗಿಲಿಗೆ ಮರ ಹುಡುಕಿದಂತೆ. ಈ ಸಂಖ್ಯೆ ಐಚ್ಛಿಕವೆಂದು ಸರಕಾರವೇ ಹೇಳುತ್ತದೆ. ಆದರೆ ಲಸಿಕೆಗಾಗಿ ಆಧಾರ್ ಕೊಟ್ಟ ಅನೇಕರ ಪ್ರಮಾಣಪತ್ರದಲ್ಲಿ, ಅವರು ಕೇಳದೆಯೇ ಆರೋಗ್ಯ ಸಂಖ್ಯೆಯೊಂದು ಮುದ್ರಿತವಾಗಿ ಬಂದಿತ್ತು. ಕೇಳದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಹೇಗೆ?

ಹಾಗಾದರೆ ನಾವೇನು ಮಾಡಬೇಕು? ಅಪಮಾನ, ಅಪನಂಬಿಕೆಗಳ ನೆನಪಿನಿಂದ ಆರೋಗ್ಯ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಗೆ ಬಾಗಿಲು ಮುಚ್ಚುವುದು ಪರಿಹಾರವಲ್ಲ. ಲೆಕ್ಕಕ್ಕೆ ಸಿಗದವರ ಓಣಿಗೆ ಲಸಿಕೆಯೂ ಬರುವುದಿಲ್ಲ, ಆಸ್ಪತ್ರೆಯೂ ಬರುವುದಿಲ್ಲ. ಮಾಹಿತಿ ಕೊಡೋಣ, ಆದರೆ ಏಕೆ ಬೇಕು, ಯಾರು ನೋಡುತ್ತಾರೆ ಎಂದು ಕೇಳಿಯೇ ಕೊಡೋಣ. ಆಭಾ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಬೇಡವೆನಿಸಿದರೆ ಅದನ್ನು ರದ್ದುಪಡಿಸಲು ಅವಕಾಶವಿದೆ. ಕೌಂಟರಿನಲ್ಲಿ ಕೇಳಿದ ಕೂಡಲೇ ಮೊಬೈಲಿಗೆ ಬಂದ ಒಟಿಪಿ ಹೇಳಿಬಿಡುವುದೆಂದರೆ ಓದದ ಕಾಗದಕ್ಕೆ ಸಹಿ ಹಾಕಿದಂತೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿರಿಸಬೇಕು ಮತ್ತು ಕೇಳಿದ 72 ಗಂಟೆಗಳೊಳಗೆ ನೀಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ ಕುರಿತ 2002ರ ನಿಯಮಾವಳಿಯೇ ವಿಧಿಸುತ್ತದೆ. ಈ ಹಕ್ಕನ್ನು ಬಳಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಮೊಹಲ್ಲಾಗಳ ವಿದ್ಯಾವಂತ ಯುವಕ, ಯುವತಿಯರು ವಾರಕ್ಕೊಂದು ಗಂಟೆ ಮೀಸಲಿಟ್ಟು, ಹಿರಿಯರ ವರದಿಗಳನ್ನು ಜೋಡಿಸಿಡುವುದಕ್ಕೂ ಇಂತಹ ಹಕ್ಕುಗಳನ್ನು ತಿಳಿಸಿ ಹೇಳುವುದಕ್ಕೂ ಮುಂದಾದರೆ ಅದೊಂದು ದೊಡ್ಡ ಸೇವೆಯಾದೀತು.

ಸರಕಾರಕ್ಕೂ ಹೇಳಬೇಕಾದ ಮಾತಿದೆ. 2021ರ ಮೇ ತಿಂಗಳಲ್ಲಿ 18ರಿಂದ 44ರ ವಯಸ್ಸಿನವರಿಗೆ ಲಸಿಕೆ ಬೇಕಿದ್ದರೆ ಮೊದಲು ಕೋವಿನ್ ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ಆ ತಾಣ ಕನ್ನಡದಲ್ಲಿ ದೊರೆಯುವಾಗ ಜೂನ್ ತಿಂಗಳಾಗಿತ್ತು. ಸ್ಮಾರ್ಟ್ ಫೋನ್ ಇಲ್ಲದವರ ಗತಿಯೇನೆಂದು ಸುಪ್ರೀಂ ಕೋರ್ಟೇ ಪ್ರಶ್ನಿಸಬೇಕಾಯಿತು. ತಂತ್ರಜ್ಞಾನವು ಬಾಗಿಲಾಗಬೇಕೇ ಹೊರತು ಬೇಲಿಯಾಗಬಾರದು. ಆರೋಗ್ಯ ಮಾಹಿತಿಗೆ ವಿಶೇಷ ರಕ್ಷಣೆ ನೀಡುವ ಕಾನೂನು ಬರಲಿ, ಸೋರಿಕೆಯಾದರೆ ಹೊಣೆ ಯಾರೆಂಬುದು ಮೊದಲೇ ನಿಗದಿಯಾಗಲಿ, ರೋಗದ ಅಂಕಿ ಅಂಶಗಳನ್ನು ಧರ್ಮದ ಹೆಸರಿನಲ್ಲಿ ಬಿತ್ತರಿಸುವುದು ಶಾಶ್ವತವಾಗಿ ನಿಲ್ಲಲಿ. ಸಾವುಗಳನ್ನು ಸಾವುಗಳೆಂದೇ ಬರೆಯುವ ಪ್ರಾಮಾಣಿಕತೆ ಎಲ್ಲಕ್ಕಿಂತ ಮೊದಲು ಬರಲಿ.

ರೋಗಿಯು ವೈದ್ಯರ ಮುಂದೆ ಬಾಯಿ ಬಿಡುವುದು ನಂಬಿಕೆಯಿಂದ. ಆ ಮಾತು ಕಾಗದದಲ್ಲಿದ್ದರೂ ಕಂಪ್ಯೂಟರಿನಲ್ಲಿದ್ದರೂ ಅವನು ಕಾಪಾಡಲೆಂದು ಒಪ್ಪಿಸಿದ ಸೊತ್ತು. ಅದನ್ನು ಪಡೆದವರು ಅದರಿಂದ ಅವನ ನೋವನ್ನು ಕಡಿಮೆ ಮಾಡಬೇಕು, ಮತ್ತು ಅವನು ಲೆಕ್ಕ ಕೇಳಿದಾಗ ಉತ್ತರಿಸಬೇಕು. ಇವೆರಡನ್ನೂ ಮಾಡಲಾರದ ವ್ಯವಸ್ಥೆಗೆ ಅದು ಎಷ್ಟೇ ಆಧುನಿಕವಾಗಿದ್ದರೂ ನಮ್ಮ ಮಾಹಿತಿಯನ್ನು ಕೇಳುವ ನೈತಿಕ ಹಕ್ಕಿಲ್ಲ.