ಕಾಲಿನ ಉಗುರಿನ ಮೂಲೆ ಮುಟ್ಟಬೇಡಿ

ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಕೈ ಉಗುರು ನೋಡುವ ರೂಢಿ ಬಹಳ ಶಾಲೆಗಳಲ್ಲಿದೆ. ಕಾಲಿನ ಉಗುರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಟದ ಪಿರಿಯಡ್ಡಿನಲ್ಲಿ ಹುಡುಗನೊಬ್ಬ ಕುಂಟುತ್ತ ಹೋಗಿ ಬೇವಿನ ಗಿಡದ ನೆರಳಿಗೆ ಕುಳಿತಾಗಲೇ ಅದರ ಸುದ್ದಿ ಹೊರಬೀಳುವುದು. ಬೂಟು ಬಿಚ್ಚಿಸಿದರೆ ಹೆಬ್ಬೆರಳಿನ ಪಕ್ಕ ಕೆಂಪಗೆ ಊದಿರುತ್ತದೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು.

ನಮ್ಮ ಜನ ಇದನ್ನೂ ಉಗುರುಸುತ್ತು ಎಂದೇ ಕರೆದು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುತ್ತಾರೆ. ಎರಡೂ ಒಂದಲ್ಲ. ಉಗುರುಸುತ್ತಿನಲ್ಲಿ ಉಗುರಿನ ಸುತ್ತಲಿನ ಚರ್ಮಕ್ಕೆ ಸೋಂಕು ತಗುಲಿರುತ್ತದೆ. ಇಲ್ಲಿ ಉಗುರಿನ ಅಂಚೇ ಪಕ್ಕದ ಮಾಂಸದೊಳಗೆ ಹೊಕ್ಕಿರುತ್ತದೆ. ಸೋಂಕು ಬರುವುದು ಆಮೇಲೆ. ಒಳಗೆ ಚುಚ್ಚಿದ್ದನ್ನು ನಿಂಬೆಹಣ್ಣು ಹೊರಗೆ ತೆಗೆಯಲಾರದು.

ಉಗುರೆಂದರೆ ಕೆರಾಟಿನ್ ಎಂಬ ಪ್ರೋಟೀನು. ಆಕಳ ಗೊರಸಿನಲ್ಲಿರುವುದೂ ಅದೇ. ಬುಡದಲ್ಲಿ ಹುಟ್ಟಿ ಮುಂದಕ್ಕೆ ಸರಿಯುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದರೆ ಕಾಲಿನದು ಅದರ ಅರ್ಧ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು.

ಈಗ ಕತ್ತರಿಸುವ ಬಗೆ ನೋಡಿ. ಕೈ ಉಗುರಿನಂತೆ ಕಾಲಿನದನ್ನೂ ದುಂಡಗೆ ಕತ್ತರಿಸಿದಿರಿ ಎನ್ನಿ. ಮೂಲೆಯಲ್ಲಿ ಖಾಲಿಯಾದ ಜಾಗಕ್ಕೆ ಪಕ್ಕದ ಮಾಂಸ ಉಬ್ಬಿ ಬರುತ್ತದೆ. ಬ್ಲೇಡು ತಲುಪದ ಆಳದಲ್ಲಿ ಒಂದು ಚೂಪು ತುಣುಕು ಉಳಿದಿರುತ್ತದೆ. ಉಗುರು ಮುಂದೆ ಸರಿದಂತೆ ಅದು ಜಾಲಿಮುಳ್ಳಿನ ಹಾಗೆ ಮಾಂಸಕ್ಕೆ ನಾಟುತ್ತದೆ. ನೋವೆಂದು ಮತ್ತೆ ಮೂಲೆ ಕೆದಕಿದರೆ ಕೆಲವು ದಿನ ಹಾಯೆನಿಸುತ್ತದೆ, ನಿಜ. ಆದರೆ ಹೊಸ ಮುಳ್ಳು ಇನ್ನೂ ಆಳದಲ್ಲಿ ತಯಾರಾಗಿರುತ್ತದೆ!

ಆದ್ದರಿಂದ ಕಾಲಿನ ಉಗುರನ್ನು ಅಡ್ಡಕ್ಕೆ ನೇರವಾಗಿ ಕತ್ತರಿಸಬೇಕು. ಬೆರಳ ತುದಿಗೆ ಸಮವಾಗಿದ್ದರೆ ಸಾಕು, ಇನ್ನೂ ಗಿಡ್ಡ ಮಾಡಬಾರದು. ಮೂಲೆ ಚುಚ್ಚುವಂತಿದ್ದರೆ ಸ್ವಲ್ಪ ಉಜ್ಜಿ ನಯಮಾಡಿ. ಸ್ನಾನವಾದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ಕೆಲಸ ಸುಲಭ. ಸಂಜೆ ಉಗುರು ತೆಗೆಯಬಾರದೆಂದು ಅಜ್ಜಿಯರು ಗದರುತ್ತಾರಲ್ಲ, ಚಿಮಣಿ ದೀಪದ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಮಂಗಳವಾರ, ಶುಕ್ರವಾರದ ನಿಷೇಧಕ್ಕೆ ಮಾತ್ರ ವಿಜ್ಞಾನದಲ್ಲಿ ಆಧಾರ ಹುಡುಕಬೇಡಿ.

ಇನ್ನು ಬೂಟು. 2015-16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಬೂಟು, ಕಾಲುಚೀಲ ಕೊಡುವ ಯೋಜನೆ ಬಂತು. ಒಳ್ಳೆಯ ಕೆಲಸ. ಆದರೆ ಬೆಳೆಯುವ ಮಗುವಿನ ಪಾದ ಮುಂದಿನ ಜೂನ್ ತಿಂಗಳವರೆಗೆ ಕಾಯುವುದಿಲ್ಲ. ಬೂಟು ಹಾಕಿಸಿ ನಿಲ್ಲಿಸಿ ನೋಡಿ: ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಬಿಗಿಯಾದ ಬೂಟಿನಲ್ಲಿ ಅಂಜನಾದ್ರಿಯ ಮೆಟ್ಟಿಲು ಇಳಿದವರಿಗೆ ಗೊತ್ತು, ಹೆಜ್ಜೆಹೆಜ್ಜೆಗೂ ಉಗುರು ಮುಂದೆ ಗುದ್ದುತ್ತದೆ. ಹರೆಯದ ಹುಡುಗರ ಪಾದ ಹೆಚ್ಚು ಬೆವರುವುದರಿಂದ ಕಾಲುಚೀಲ ದಿನಾ ಒಗೆದದ್ದಿರಲಿ.

ಹೇಮಗುಡ್ಡದಂಥ ಕಲ್ಲುನೆಲದಲ್ಲಿ ಎಡವಿ ಉಗುರು ಏಳುವುದು ಸಾಮಾನ್ಯ. ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ನಾಟಿಗೆ ದಿನವಿಡೀ ಕೆಸರಲ್ಲಿ ನಿಂತು ಚರ್ಮ ಮೆತ್ತಗಾಗಿರುತ್ತದೆ. ಮಣ್ಣು, ಸಗಣಿಯಲ್ಲಿ ಧನುರ್ವಾಯುವಿನ ಬೀಜಕಗಳಿರುವುದರಿಂದ 10 ಮತ್ತು 16ನೇ ವಯಸ್ಸಿನ ಚುಚ್ಚುಮದ್ದು ತಪ್ಪಿಸಬೇಡಿ.

ಈಗಷ್ಟೇ ನೋವು ಶುರುವಾಗಿದ್ದರೆ ದಿನಕ್ಕೆ ಮೂರ್ನಾಲ್ಕು ಬಾರಿ, ಕಾಲು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದವಿಟ್ಟು, ಚೆನ್ನಾಗಿ ಒರೆಸಿ, ಬೆರಳಿಗೆ ತಾಗದ ಚಪ್ಪಲಿ ಹಾಕಿಕೊಳ್ಳಿ. ಕೀವು ಬಂದರೆ, ಕೆಂಪು ಹರಡಿದರೆ, ಇಲ್ಲವೇ ಕೆಲವು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಿ. ಬೆರಳಿಗಷ್ಟೇ ಮರವಳಿಕೆ ಕೊಟ್ಟು ಉಗುರಿನ ಆ ಅಂಚನ್ನು ಮಾತ್ರ ತೆಗೆಯುತ್ತಾರೆ. ಅದೇ ದಿನ ಮನೆಗೆ ಬರಬಹುದು.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿ ಇದ್ದರೆ ಮಾತ್ರ ಈ ಮನೆಮದ್ದು ಬೇಡ, ಅವರನ್ನು ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಪಾದಕ್ಕೆ ನೋವಿನ ಅರಿವು ಕಡಿಮೆಯಾಗಿರಬಹುದು, ಗಾಯವೂ ಬೇಗ ಮಾಯುವುದಿಲ್ಲ. ಕಣ್ಣು ಮಂಜಾದವರಿಗೆ ತಮ್ಮ ಕಾಲು ತಾವು ನೋಡಿಕೊಳ್ಳುವುದೂ ಕಷ್ಟ. ಮಕ್ಕಳೇ, ದಿನಕ್ಕೊಮ್ಮೆ ಅವರ ಪಾದ ನೋಡುವ ಕೆಲಸ ನಿಮ್ಮದಾಗಲಿ.