ನೀರೊಳಗಿನ ಬಣ್ಣಕ್ಕೆ ಬೆಲೆ ಎಷ್ಟು?

ಪರೀಕ್ಷೆ ಮುಗಿದ ಮರುದಿನವೇ ಮನೆಯಲ್ಲಿ ಬೇಡಿಕೆಯೊಂದು ಹುಟ್ಟುತ್ತದೆ. ಒಬ್ಬರಿಗೆ ಬೈಕು, ಇನ್ನೊಬ್ಬರಿಗೆ ಮೊಬೈಲು. ಈಗ ಮೂರನೆಯದೊಂದು ಸೇರಿಕೊಂಡಿದೆ: ನೀರೊಳಗೆ ಚಿತ್ರ ತೆಗೆಯುವ ಕ್ಯಾಮೆರಾ. ಟಿ.ವಿ.ಯಲ್ಲಿ ಹವಳದ ದಿಬ್ಬಗಳನ್ನು ಕಂಡ ಕೊಳ್ಳೇಗಾಲದ ಹುಡುಗ ‘ನಮ್ಮ ಕಾವೇರಿ ಪಕ್ಕದಲ್ಲೇ ಇದೆಯಲ್ಲ’ ಎನ್ನುತ್ತಾನೆ. ‘ಎಷ್ಟಾಗುತ್ತಪ್ಪ?’ ಎಂದು ಅಪ್ಪ ಕೇಳುತ್ತಾರೆ. ‘ನೀರಿಗಿಳಿಯೋ ಮಾತೇ ಬೇಡ’ ಎಂದು ಅಮ್ಮ ಖಡಾಖಂಡಿತವಾಗಿ ಹೇಳುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ.

ಮಗನ ಮಾತು

ಯಳಂದೂರನ್ನು ಹಾದು ಬರುವ ಸುವರ್ಣಾವತಿ ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಭರಚುಕ್ಕಿಯಲ್ಲಿ ಧುಮುಕಿದ ಕಾವೇರಿ ಮುಂದೆ ಹನೂರಿನ ಕಾಡಂಚಿನಲ್ಲಿ ಹೊಗೇನಕಲ್ ಕಡೆಗೆ ಸಾಗುತ್ತದೆ. ನದಿಯ ಈ ಭಾಗದಲ್ಲಿ ಬಿಳಿಮೀನು ಎಂದು ಕರೆಯುವ ಒಂದು ಮಹಶೀರ್ ಉಂಟು. ಬೆನ್ನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಇದರ ಸಲುವಾಗಿ ಜಗತ್ತಿನ ನಾನಾ ಕಡೆಯಿಂದ ಗಾಳಗಾರರು ಬರುತ್ತಿದ್ದರು. ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ‘ಟೋರ್ ರೆಮಾದೇವಿ’ ಎಂದು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು.

ಇದೇ ನದಿಗೆ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್‌ನ ಮರಿಗಳನ್ನೂ ಬಿಡಲಾಗಿತ್ತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ತಜ್ಞರು ಪರಿಶೀಲಿಸಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತ, ಗೂನುಬೆನ್ನಿನದು ಕುಸಿಯುತ್ತ ಬಂದದ್ದು ಕಂಡಿತು. ನಮಗೆ ಪರಿಚಿತವಾದ ಬಿಳಿಮೀನಿನ ಚಿತ್ರಗಳು ಬಹುಮಟ್ಟಿಗೆ ಅದನ್ನು ಹಿಡಿದವರ ತೋಳಿನ ಮೇಲಿನವು. ಅದು ತನ್ನ ನೀರಿನಲ್ಲಿ ಹೇಗಿರುತ್ತದೆ ಎಂದು ತೋರಿಸುವ ಆಸೆ ಹುಡುಗನಿಗಿದ್ದರೆ ಅದು ಹುಡುಗಾಟವಲ್ಲ. ಆದರೆ ಎರಡು ಮೀನುಗಳನ್ನು ಬೇರ್ಪಡಿಸುವ ಗುರುತುಗಳಲ್ಲಿ ಒಂದು ರೆಕ್ಕೆಯ ಬಣ್ಣ. ನೀರು ಮೊದಲು ಕದಿಯುವುದೂ ಬಣ್ಣವನ್ನೇ.

ಬೆಳಕಿನಲ್ಲಿರುವ ಕೆಂಪು ಐದಾರು ಮೀಟರ್ ನೀರನ್ನು ದಾಟುವಷ್ಟರಲ್ಲಿ ಬಹುಪಾಲು ಕರಗುತ್ತದೆ. ಅದರ ಹಿಂದೆಯೇ ಕಿತ್ತಳೆಯ ಸರದಿ. ಇಲ್ಲಿ ಆಳವೊಂದೇ ಲೆಕ್ಕವಲ್ಲ. ಮೀನು ಎರಡು ಮೀಟರ್ ಆಳದಲ್ಲಿದ್ದು, ಕ್ಯಾಮೆರಾ ಅದರಿಂದ ಮೂರು ಮೀಟರ್ ದೂರವಿದ್ದರೆ ಬೆಳಕು ಕ್ರಮಿಸುವ ನೀರಿನ ಹಾದಿ ಐದು ಮೀಟರ್. ಕಿತ್ತಳೆ ರೆಕ್ಕೆ ಆಗಲೇ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಜೊತೆಗೆ ನದಿಯ ನೀರಿನಲ್ಲಿ ಮಣ್ಣು, ಪಾಚಿ. ಹೀಗಾಗಿ ನೀರೊಳಗಿನ ಚಿತ್ರಕ್ಕೆ ಇರುವುದು ಒಂದೇ ಸೂತ್ರ: ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು. ನೀರಿನಲ್ಲಿ ಎಷ್ಟು ದೂರ ಕಣ್ಣು ಹರಿಯುತ್ತದೋ ಅದರ ಐದನೆಯ ಒಂದು ಭಾಗದೊಳಗೆ ವಸ್ತು ಇರಬೇಕೆಂಬುದು ಅನುಭವಿಗಳ ಲೆಕ್ಕ. ಕ್ಯಾಮೆರಾ, ಲೆನ್ಸ್, ಕವಚ, ಫ್ಲ್ಯಾಶ್ ಎಲ್ಲದರ ಆಯ್ಕೆಯೂ ಈ ಸೂತ್ರದಿಂದಲೇ ಹೊರಡಬೇಕು.

ಅಪ್ಪನ ಲೆಕ್ಕ

ಅಂಗಡಿಯಲ್ಲಿ ಮೊದಲು ತೋರಿಸುವುದು ಕ್ಯಾಮೆರಾ. ಮೊದಲು ಕೇಳಬೇಕಾದದ್ದು ಕವಚದ ಬೆಲೆ. ಒಳ್ಳೆಯ ಹೌಸಿಂಗ್ ಒಂದೇ ಮಾದರಿಯ ಕ್ಯಾಮೆರಾಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ. ಕ್ಯಾಮೆರಾ ಬದಲಾದರೆ ಕವಚವೂ ಬದಲಾಗಬೇಕು. ಎಷ್ಟೋ ಬಾರಿ ಕವಚದ ಬೆಲೆ ಕ್ಯಾಮೆರಾದ ಬೆಲೆಯನ್ನೂ ಮೀರುತ್ತದೆ. ಕವಚ ಸಿಗದ ಕ್ಯಾಮೆರಾ ಎಷ್ಟು ಅಗ್ಗವಾದರೂ ಈ ಕೆಲಸಕ್ಕೆ ದಂಡ.

ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ತಡೆಯುವುದು ಓ-ರಿಂಗ್ ಎಂಬ ತೆಳುವಾದ ರಬ್ಬರ್ ಬಳೆ. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಕುಳಿತರೆ ಸಾಕು, ನೀರು ಒಳನುಗ್ಗಿ ಸಾವಿರಾರು ರೂಪಾಯಿ ನೀರುಪಾಲು. ಹೊಸ ಕವಚವನ್ನು ಮೊದಲ ಸಲ ಖಾಲಿಯಾಗಿಯೇ ಮುಳುಗಿಸಿ ನೋಡುವುದು ಜಾಣತನ.

ಕವಚದ ಮುಂದಿನ ಗಾಜಿಗೆ ಪೋರ್ಟ್ ಎನ್ನುತ್ತಾರೆ. ಚಪ್ಪಟೆ ಗಾಜಿನ ಮೂಲಕ ನೀರಿನಲ್ಲಿರುವ ವಸ್ತು ಮೂರನೆಯ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ, ಲೆನ್ಸಿನ ನೋಟ ಕಿರಿದಾಗುತ್ತದೆ. ಸಣ್ಣ ಜೀವಿಗಳನ್ನು ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಇದು ಅನುಕೂಲವೇ. ಅಗಲ ನೋಟದ ಲೆನ್ಸಿಗೆ ಮಾತ್ರ ಗುಮ್ಮಟದಂಥ ಡೋಮ್ ಪೋರ್ಟ್ ಬೇಕು. ಅದು ಕಳೆದುಹೋದ ಅಗಲವನ್ನು ಮರಳಿ ಕೊಡುತ್ತದೆ. ಆದರೆ ಎಂಟು ಅಂಗುಲ ಅಗಲದ ಡೋಮ್‌ನಲ್ಲಿ ದೂರದ ದೃಶ್ಯದ ಬಿಂಬವೂ ಗಾಜಿನಿಂದ ಒಂದಡಿಯ ಆಸುಪಾಸಿನಲ್ಲಿ ಮೂಡುತ್ತದೆ. ಹತ್ತಿರಕ್ಕೆ ಫೋಕಸ್ ಆಗದ ಲೆನ್ಸ್ ಅಲ್ಲಿ ಕುರುಡು. ದೂರದ ಹಕ್ಕಿಗೆಂದು ಕೊಂಡ ಉದ್ದನೆಯ ಟೆಲಿ ಲೆನ್ಸ್ ಬಿಳಿಗಿರಿರಂಗನ ಬೆಟ್ಟದಲ್ಲಿ ಚಿನ್ನ, ನೀರೊಳಗೆ ಕಬ್ಬಿಣ.

ಇನ್ನು ಸ್ಟ್ರೋಬ್, ಎಂದರೆ ನೀರೊಳಗಿನ ಫ್ಲ್ಯಾಶ್. ಕದ್ದುಹೋದ ಬಣ್ಣವನ್ನು ಮರಳಿಸುವುದು ಇದು. ಇದರ ಬೆಳಕೂ ಮೂರು ನಾಲ್ಕು ಅಡಿಗಳಾಚೆಗೆ ಸೊರಗುತ್ತದೆ. ಕ್ಯಾಮೆರಾದ ಮೈಯಲ್ಲೇ ಇರುವ ಫ್ಲ್ಯಾಶ್ ಬಳಸಿದರೆ ಲೆನ್ಸಿನ ಮುಂದಿನ ಮಣ್ಣಿನ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಸುರಿದಂತಾಗುತ್ತದೆ. ಅದಕ್ಕಾಗಿಯೇ ಸ್ಟ್ರೋಬನ್ನು ಉದ್ದನೆಯ ತೋಳಿಗೆ ಕಟ್ಟಿ ಪಕ್ಕಕ್ಕೆ ಚಾಚಿ ಹಿಡಿಯುತ್ತಾರೆ. ಹಣ ಕಡಿಮೆಯಿದ್ದರೆ ದುಬಾರಿ ಕ್ಯಾಮೆರಾದ ಆಸೆ ಬಿಟ್ಟು, ಸಾಧಾರಣ ಕ್ಯಾಮೆರಾ ಮತ್ತು ಒಂದು ಒಳ್ಳೆಯ ಸ್ಟ್ರೋಬ್ ಕೊಳ್ಳುವುದೇ ಲೇಸು.

ಹಾಗಾದರೆ ಮೊದಲ ಕ್ಯಾಮೆರಾ ಯಾವುದು? ಮೊದಮೊದಲಿಗೆ ಕವಚವಿಲ್ಲದೆ ನೀರಿಗಿಳಿಯುವ ಪುಟ್ಟ ಕ್ಯಾಮೆರಾ ಸಾಕು. 2023ರಲ್ಲಿ ಬಂದ ಓಎಂ ಸಿಸ್ಟಮ್ ಟಿಜಿ-7 ಹಾಗೆಯೇ ಹದಿನೈದು ಮೀಟರ್ ಆಳಕ್ಕೆ ಇಳಿಯುತ್ತದೆ. ಅದರದೇ ಕವಚ ತೊಡಿಸಿದರೆ ನಲವತ್ತೈದು. ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಮೊಬೈಲಿನ ಮೇಲೆ ಬರೆದ ‘ಐಪಿ 68’ ನಂಬಿ ನದಿಗೆ ಅದ್ದುವುದು ಬೇಡ. ಆ ಪರೀಕ್ಷೆ ನಿಂತ ಸಿಹಿನೀರಿನಲ್ಲಿ ನಡೆದದ್ದು. ನೀರು ಹೊಕ್ಕು ಕೆಟ್ಟ ಫೋನಿಗೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ.

ಅಮ್ಮನ ಭಯ

ಮೂರು ಮಾತುಗಳಲ್ಲಿ ಹೆಚ್ಚು ತೂಕದ್ದು ಇದೇ. ಭರಚುಕ್ಕಿಯ ಕೆಳಗಿನ ಮಡುಗಳಲ್ಲಿ, ಹೊಗೇನಕಲ್ಲಿನ ಬಂಡೆಗಳ ನಡುವೆ ಸುಳಿಗೆ ಸಿಕ್ಕು ಪ್ರಾಣಬಿಟ್ಟ ಯುವಕರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮೇಲೆ ನಿಶ್ಚಲವಾಗಿ ಕಾಣುವ ನೀರಿನ ಕೆಳಗೆ ಸೆಳವು ಇರುತ್ತದೆ. ಕಾವೇರಿ ವನ್ಯಧಾಮದ ಹೊಳೆಯಲ್ಲಿ ಮೊಸಳೆಗಳಿವೆ; ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಈಜು ಬಾರದವನ ಕೈಯಲ್ಲಿ ಕ್ಯಾಮೆರಾ ಇದ್ದರೆ ಅಪಾಯ ಇಮ್ಮಡಿ. ಕಣ್ಣು ಚಿತ್ರದ ಮೇಲಿರುತ್ತದೆ, ಎರಡೂ ಕೈ ಕ್ಯಾಮೆರಾದ ಮೇಲಿರುತ್ತವೆ.

ಹಾಗೆಂದು ಆಸೆಗೆ ಬಾಗಿಲು ಹಾಕಬೇಕಿಲ್ಲ. ಮೊದಲ ಪಾಠ ಮನೆಯಲ್ಲೇ ಆಗಲಿ. ಒಂದು ಗಾಜಿನ ತೊಟ್ಟಿ, ಅದರಲ್ಲಿ ನೀರು, ಕಿತ್ತಳೆ ಮತ್ತು ನೀಲಿ ಬಣ್ಣದ ಎರಡು ಆಟಿಕೆ. ಒಂದು ಚಿಟಿಕೆ ಮಣ್ಣು ಕದಡಿ, ದೀಪವಾರಿಸಿ, ಟಾರ್ಚನ್ನು ಮೊಬೈಲಿನ ಪಕ್ಕದಲ್ಲೇ ಹಿಡಿದು ಒಂದು ಚಿತ್ರ ತೆಗೆಯಲಿ. ಅನಂತರ ಟಾರ್ಚನ್ನು ತೊಟ್ಟಿಯ ಬದಿಯಿಂದ ಬೀರಿ ಇನ್ನೊಂದು ತೆಗೆಯಲಿ. ಸ್ಟ್ರೋಬಿಗೆ ತೋಳು ಏಕೆ ಬೇಕೆಂಬುದು ಐದು ನಿಮಿಷದಲ್ಲಿ ಮನದಟ್ಟಾಗುತ್ತದೆ. ಎರಡನೆಯ ಪಾಠ ಈಜುಕೊಳದಲ್ಲಿ, ತರಬೇತುದಾರರ ಎದುರಿನಲ್ಲಿ. ಕೆಂಪು ಬಟ್ಟೆಯನ್ನು ಒಂದು ಮೀಟರ್ ದೂರದಿಂದ, ಐದು ಮೀಟರ್ ದೂರದಿಂದ ತೆಗೆದು ಹೋಲಿಸಿದರೆ ಕಳ್ಳತನ ಕಣ್ಣಿಗೇ ಕಾಣುತ್ತದೆ. ಮೂರನೆಯ ಪಾಠ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲಿ. ಮಳೆಗಾಲ ಕಳೆದ ಮೇಲೆ ಅಲ್ಲಿ ಅರ್ಹ ತರಬೇತುದಾರರೊಂದಿಗೆ ಸ್ಕೂಬಾ ಕಲಿಯಬಹುದು. ಮೊದಲ ಮುಳುಗಿಗೆ ಕ್ಯಾಮೆರಾ ಒಯ್ಯದಿರುವುದೇ ಕ್ಷೇಮ. ಉಸಿರು, ಕಾಲು, ತೇಲುವಿಕೆ ಹದಕ್ಕೆ ಬಂದ ಮೇಲೆ ಅದರ ಸರದಿ.

ಮೀನಿನ ಬಗ್ಗೆ ಗಂಭೀರ ಆಸಕ್ತಿ ಬೆಳೆದರೆ ದಾರಿಯೂ ಇದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ಮೀನಿನ ನಡೆ ಬಲ್ಲವನಿಗೆ ಅದು ಎಲ್ಲಿ, ಯಾವಾಗ ಹತ್ತಿರ ಬರುತ್ತದೆಂಬುದು ಗೊತ್ತಿರುತ್ತದೆ. ಹತ್ತಿರ ಬಂದ ಮೀನಿಗೆ ದೊಡ್ಡ ಲೆನ್ಸ್ ಬೇಕಿಲ್ಲ.

ಆದ್ದರಿಂದ ಈ ರಜೆಯಲ್ಲಿ ಅಪ್ಪ ಕೊಡಿಸಬೇಕಾದದ್ದು ಗಾಜಿನ ತೊಟ್ಟಿ ಮತ್ತು ಈಜುಕೊಳದ ಶುಲ್ಕ. ಮುಂದಿನ ರಜೆಯ ಹೊತ್ತಿಗೂ ಹುಡುಗನ ಆಸೆ ಬಾಡದಿದ್ದರೆ ಕ್ಯಾಮೆರಾದ ಮಾತು ತೆಗೆಯಬಹುದು. ಆಗ ಅಂಗಡಿಯವನಿಗೆ ಮೊದಲ ಪ್ರಶ್ನೆ ಕೇಳುವವನು ಅಪ್ಪನಲ್ಲ, ಮಗ: ‘ಇದಕ್ಕೆ ಕವಚ ಸಿಗುತ್ತದೆಯೇ?’