ನಾಗರಿಕ ಬರಿಯ ಅರ್ಜಿದಾರನಲ್ಲ

ಇ-ಆಡಳಿತದ ಯಶಸ್ಸನ್ನು ನಾವು ಸಾಮಾನ್ಯವಾಗಿ ಅಳೆಯುವುದು ವೇಗದಿಂದ: ಬಂದ ಅರ್ಜಿಗಳೆಷ್ಟು, ಎಷ್ಟು ದಿನಗಳಲ್ಲಿ ವಿಲೇವಾರಿಯಾದವು. ಈ ಅಳತೆ ಅಗತ್ಯ, ಆದರೆ ಪ್ರಜಾಪ್ರಭುತ್ವಕ್ಕೆ ಇಷ್ಟೇ ಸಾಲದು. ಆಡಳಿತದ ನಿಯಮಗಳನ್ನು ರೂಪಿಸುವಲ್ಲಿ ನಾಗರಿಕನಿಗೆ ಪಾಲು ದೊರೆಯಿತೇ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ.

ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಗ್ರಾಮಲೆಕ್ಕಿಗರ ಮರ್ಜಿ ಕಾಯುತ್ತಿದ್ದ ರೈತನಿಗೆ 15 ರೂಪಾಯಿಗೆ ಪಹಣಿ ಕೈಸೇರಿತು. 2011ರ ‘ಸಕಾಲ’ ಕಾಯ್ದೆ ಸೇವೆಗಳಿಗೆ ಕಾಲಮಿತಿ ವಿಧಿಸಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರ ಗೊತ್ತುಪಡಿಸಿತು. ಹಳೆಯ ಕಡತಗಳ ಗತಿಯನ್ನು ಒಳಗಿನಿಂದ ಕಂಡ ನನಗೆ ಇವು ಸಣ್ಣ ಸಾಧನೆಗಳೆನಿಸುವುದಿಲ್ಲ.

ಆದರೆ ಎರಡರಲ್ಲೂ ನಾಗರಿಕ ಅರ್ಜಿದಾರನಾಗಿಯೇ ಉಳಿದ. ಅಮೆರಿಕದ ಷೆರಿ ಅರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಮಾಹಿತಿ ನೀಡುವುದು 3ನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು 4ನೆಯದು. ಅಧಿಕಾರದಲ್ಲಿ ನಿಜವಾದ ಪಾಲು ಆರಂಭವಾಗುವುದು 6ನೆಯದರಿಂದ. ಜಾಲತಾಣದಲ್ಲಿ ಕರಡು ಪ್ರಕಟಿಸಿ ‘ಸಲಹೆ ಕಳುಹಿಸಿ’ ಎನ್ನುವ ನಮ್ಮ ಪದ್ಧತಿ 4ನೆಯ ಮೆಟ್ಟಿಲನ್ನು ದಾಟಿಲ್ಲ.

ನಾಗರಿಕನನ್ನು ‘ಗ್ರಾಹಕ’ ಎಂದು ಕರೆಯುವುದರಿಂದಲೂ ಈ ಕೊರತೆ ನೀಗದು. ಅತೃಪ್ತ ಗ್ರಾಹಕನಿಗೆ ಬಿಟ್ಟುಹೋಗುವ ಅಥವಾ ದನಿಯೆತ್ತುವ ದಾರಿಗಳಿವೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದರು. ಪಹಣಿ ಕೊಡುವ ಅಂಗಡಿ ಒಂದೇ ಆದ್ದರಿಂದ ರೈತನಿಗೆ ಉಳಿಯುವುದು ದನಿ ಮಾತ್ರ. ಹಿಂದೆ ಗುಮಾಸ್ತರನ್ನಾದರೂ ‘ಯಾಕೆ ಸ್ವಾಮಿ?’ ಎಂದು ಕೇಳಬಹುದಿತ್ತು. ಪರದೆಯ ಮೇಲೆ ‘ತಿರಸ್ಕೃತ’ ಎಂದಷ್ಟೇ ಮೂಡಿದರೆ ಯಾರನ್ನು ಕೇಳಬೇಕು?

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರಮುಖ ನೀತಿಗಳನ್ನು ರೂಪಿಸುವಾಗ ಸಂಬಂಧಿತ ಸಂಗತಿಗಳನ್ನು ಪ್ರಕಟಿಸಬೇಕು, ನಿರ್ಧಾರದ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)ನೆಯ ಪ್ರಕರಣ ಹೇಳುತ್ತದೆ. ಅದರ ಆಶಯಕ್ಕೆ ಅನುಗುಣವಾಗಿ, ಹೊಸ ತಂತ್ರಾಂಶ ಜಾರಿಗೆ ಬರುವ ಮುನ್ನ ಅದರ ನಿಯಮಗಳನ್ನು ಸರಳ ಕನ್ನಡದಲ್ಲಿ ಗ್ರಾಮಸಭೆ, ವಾರ್ಡ್ ಸಮಿತಿಗಳ ಮುಂದಿಡಬೇಕು. ಬಂದ ಆಕ್ಷೇಪಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಕೈಬಿಡಲಾಯಿತು ಎಂಬುದನ್ನು ಪ್ರಕಟಿಸಬೇಕು. ಪ್ರತಿ ತಿರಸ್ಕಾರಕ್ಕೂ ಕಾರಣ ಮತ್ತು ಹೊಣೆಗಾರ ಅಧಿಕಾರಿಯ ಹೆಸರು ಇರಬೇಕು.

ಇದರಿಂದ ಕೆಲಸ ತಡವಾಗುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ತಡವಾಗಬಹುದು, ನಿಜ. ಆದರೆ ತಪ್ಪು ನಿಯಮವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಆ ತಪ್ಪು ರಾಜ್ಯದಾದ್ಯಂತ ಒಂದೇ ದಿನದಲ್ಲಿ ಜಾರಿಯಾಗುತ್ತದೆ. ಅದನ್ನು ಮೊದಲೇ ಗುರುತಿಸಬಲ್ಲವರು ಆ ನಿಯಮದಡಿ ಬದುಕುವ ಜನರೇ.